ಚಳಿಗೆ ಶೌರ್ಯ ಸಾಲದು

ಕೊಡಗಿನಲ್ಲಿ ಸೈನಿಕರ ಕಥೆಗಳಿಗೆ ಬರವಿಲ್ಲ. ಮಡಿಕೇರಿಯಲ್ಲಿ ವೃತ್ತಕ್ಕೆ ದಂಡನಾಯಕರ ಹೆಸರು, ಪ್ರತಿಮೆಗೆ ದಂಡನಾಯಕರ ನಿಲುವು. ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ನಾಡು ಇದು. ಇಲ್ಲಿ ಕೊಡವ, ಗೌಡ ಎಂಬ ಭೇದವಿಲ್ಲದೆ ಬಹುಪಾಲು ಮನೆಗಳ ಗೋಡೆಯ ಮೇಲೆ ಸಮವಸ್ತ್ರ ತೊಟ್ಟವರ ಒಂದಾದರೂ ಚಿತ್ರ ಸಿಗುತ್ತದೆ. ಆದರೆ ನಮ್ಮ ಮನೆಯ ಗಂಡಸರು ಹೇಳುವ ಕಥೆಗಳಲ್ಲಿ ಗುಂಡು ಇರುತ್ತದೆ, ಬೆಟ್ಟ ಇರುತ್ತದೆ, ಪದಕ ಇರುತ್ತದೆ. ಕಾಲುಚೀಲ ಇರುವುದಿಲ್ಲ. ಉಣ್ಣೆಯ ಕೈಗವಸು, ಸೀಮೆಎಣ್ಣೆ ಒಲೆ, ಬೇಯದ ಬೇಳೆ, ಇವುಗಳ ಮಾತು ಬರುವುದೇ ಇಲ್ಲ. ಹಿಮದ ಮೇಲಿನ ಯುದ್ಧದ ವಿಷಯ ಓದುತ್ತಾ ಹೋದಂತೆ, ಸೋಲುಗೆಲುವಿನ ಮುಖ್ಯ ಭಾಗ ಈ ಹೇಳದೆ ಉಳಿದ ವಸ್ತುಗಳಲ್ಲೇ ಇದೆ ಎಂದು ನನಗೆ ಅನ್ನಿಸತೊಡಗಿತು.

ಬೆಟ್ಟದ ನಾಡಿನವರಾದ್ದರಿಂದ ನಮ್ಮ ಹುಡುಗರಿಗೆ ಚಳಿ ಹೊಸದಲ್ಲ ಎಂದು ಹೊರಗಿನವರು ತಿಳಿಯುತ್ತಾರೆ. ಮಡಿಕೇರಿ ಇರುವುದು ಸುಮಾರು 3,800 ಅಡಿ ಎತ್ತರದಲ್ಲಿ. ಇಲ್ಲಿಯ ಚಳಿ ಮಳೆಯ ಚಳಿ. ಬಟ್ಟೆ ಒಣಗುವುದಿಲ್ಲ, ಮೂಳೆ ನೋಯುತ್ತದೆ, ಒಂದು ಕಂಬಳಿ ಹೊದ್ದು ಒಲೆಯ ಮುಂದೆ ಕುಳಿತರೆ ಮುಗಿಯಿತು. ಕಾಶ್ಮೀರ ಕಣಿವೆಯಿಂದ ಲಡಾಖಿಗೆ ಹೋಗುವ ಜೋಜಿಲಾ ಕಣಿವೆಮಾರ್ಗ ಇದರ ಮೂರರಷ್ಟು ಎತ್ತರ, 11,575 ಅಡಿ. ಅದರಾಚೆಯ ದ್ರಾಸ್‌ನಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ಅಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲು ಮಾತ್ರ. ಬೆರಳಿನ ತುದಿಗೆ ರಕ್ತ ಹರಿಯುವುದು ಕಡಿಮೆಯಾಗಿ, ಮಾಂಸ ಮೊದಲು ಬೆಳ್ಳಗಾಗಿ, ಆಮೇಲೆ ಕಪ್ಪಗಾಗಿ ಸತ್ತುಹೋಗುತ್ತದೆ. ವೈದ್ಯರು ಇದನ್ನು ಫ್ರಾಸ್ಟ್‌ಬೈಟ್ ಎನ್ನುತ್ತಾರೆ. ಶುರುವಾಗುವಾಗ ನೋವೇ ಇರುವುದಿಲ್ಲ, ಬರೀ ಜೋಮು. ಗೊತ್ತಾಗುವ ಹೊತ್ತಿಗೆ ಬೆರಳು ಕತ್ತರಿಸಬೇಕಾದ ಸ್ಥಿತಿ ಬಂದಿರಬಹುದು. ಇದಕ್ಕೆ ಧೈರ್ಯವಂತ, ಅಂಜುಬುರುಕ ಎಂಬ ಭೇದ ತಿಳಿಯದು.

ಕೊಡಗಿನ ಹೆಸರು ಈ ಹಿಮದ ಚರಿತ್ರೆಗೆ ಸೇರಿದ್ದು 1948ರಲ್ಲಿ. ಮಡಿಕೇರಿಯಲ್ಲಿ 1906ರ ಮಾರ್ಚ್ 31ರಂದು ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಆಗ ಮೇಜರ್ ಜನರಲ್, ಕಾಶ್ಮೀರದಲ್ಲಿದ್ದ ಡಿವಿಷನ್ನಿನ ಮುಖ್ಯಸ್ಥರು. ಅವರ ಮೇಲೆ ಪಶ್ಚಿಮ ವಲಯದ ಇಡೀ ಸೇನೆಯ ಹೊಣೆ ಹೊತ್ತಿದ್ದವರು ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು. ಹಿಮಾಲಯದ ಆ ಯುದ್ಧವನ್ನು ಇಬ್ಬರು ಕೊಡಗಿನವರು ನಡೆಸಿದರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದು ನಿಜವೂ ಹೌದು. ಆದರೆ ಹೇಗೆ ನಡೆಸಿದರು ಎಂಬುದು ಇನ್ನೂ ಸ್ವಾರಸ್ಯವಾದ ವಿಷಯ.

ಆ ವರ್ಷ ಶತ್ರುಗಳು ಕಾರ್ಗಿಲ್, ದ್ರಾಸ್‌ಗಳನ್ನು ಹಿಡಿದು ಲೇಹ್ ಪಟ್ಟಣಕ್ಕೆ ಹೋಗುವ ದಾರಿಯನ್ನೇ ಮುಚ್ಚಿಬಿಟ್ಟಿದ್ದರು. ಅದಕ್ಕೆ ಮುಂಚೆ, ಫೆಬ್ರವರಿಯ ಗಾಢ ಹಿಮದಲ್ಲಿ, ಮೇಜರ್ ಪೃಥಿ ಚಂದ್ ಎಂಬುವರು ಸುಮಾರು 40 ಮಂದಿಯೊಡನೆ ನಡೆದೇ ಜೋಜಿಲಾ ದಾಟಿ ಲೇಹ್ ಸೇರಿದ್ದರು. ಅವರು ಲಾಹೌಲ್ ಎಂಬ ಹಿಮದ ಸೀಮೆಯಲ್ಲೇ ಹುಟ್ಟಿ ಬೆಳೆದವರು. ಎಲ್ಲಿ ಹೆಜ್ಜೆ ಇಡಬೇಕು, ಯಾವ ಹೊತ್ತಿನಲ್ಲಿ ಹಿಮ ಜಾರುತ್ತದೆ ಎಂದು ಬಲ್ಲವರು. ಲಡಾಖಿನ ಎಂಜಿನಿಯರ್ ಸೋನಂ ನೋರ್ಬು ಅವರು ಲೇಹ್‌ನ ಮರಳಿನಲ್ಲಿ ವಿಮಾನ ಇಳಿಯುವಷ್ಟು ಜಾಗ ಸಮ ಮಾಡಿದರು. ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಅಲ್ಲಿ ಇಳಿಸಿದಾಗ ಒಳಗೆ ತಿಮ್ಮಯ್ಯನವರೂ ಇದ್ದರು. ಅಷ್ಟು ಎತ್ತರಕ್ಕೆ ಹಾರುವ ವಿಮಾನವೇ ಅದಲ್ಲ. ಮುಂದೆ ಸೈನಿಕರನ್ನು ಕಳಿಸುವ ಜಾಗಕ್ಕೆ ಮೊದಲು ತಾನು ಹೋಗಿ ನೋಡಿಬರಬೇಕೆಂಬುದು ಆ ದಂಡನಾಯಕರ ಪದ್ಧತಿ.

ವಿಮಾನದಿಂದ ಇಡೀ ಲಡಾಖನ್ನು ಚಳಿಗಾಲವಿಡೀ ಸಾಕಲಾಗದು. ಜೋಜಿಲಾದ ದಾರಿ ತೆರೆಯಲೇಬೇಕು, ಅದೂ ಹಿಮ ಮುಚ್ಚುವ ಮೊದಲು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ದಾಳಿ ಫಲಿಸಲಿಲ್ಲ. ಎರಡೂ ಬದಿಯ ಬಂಡೆಗಳಲ್ಲಿ ಅಡಗಿದ ಮಷೀನ್‌ಗನ್ನುಗಳು ನಮ್ಮವರನ್ನು ತಡೆದವು. ಆಗ ತಿಮ್ಮಯ್ಯನವರು ಯೋಚಿಸಿದ್ದು ಟ್ಯಾಂಕು ಒಯ್ಯುವುದನ್ನು. ಅಷ್ಟು ಎತ್ತರದಲ್ಲಿ ಅಲ್ಲಿಯವರೆಗೆ ಯಾರೂ ಟ್ಯಾಂಕು ನಡೆಸಿರಲಿಲ್ಲ. ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೆ ಬರುವ ದಾರಿಯ ಸೇತುವೆಗಳು ಅಷ್ಟು ಭಾರ ತಡೆಯವು. ಆದ್ದರಿಂದ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ತೋಪಿನ ಗೋಪುರಗಳನ್ನು ಬಿಚ್ಚಿ ಬೇರೆ ಸಾಗಿಸಲಾಯಿತು. ಬೇಹುಗಾರರಿಗೆ ತಿಳಿಯದಂತೆ ರಾತ್ರಿ ಹೊತ್ತು ಮುಚ್ಚಿಕೊಂಡು ತಂದರು. ಬಾಲ್ತಾಲ್‌ನಿಂದ ಮೇಲೆ ಇದ್ದುದು ಹೇಸರಗತ್ತೆ ಹತ್ತುವ ಕಾಲುದಾರಿ. ಅದನ್ನು ಕಡಿದು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ನೆಲೆಯಿರುವ ಪಡೆ ಅದು. ನಮ್ಮ ತೆಂಕಣ ಸೀಮೆಯ ಹುಡುಗರು ಹಿಮದಲ್ಲಿ ಬಂಡೆ ಒಡೆದು ಮಾಡಿದ ಆ ದಾರಿ ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ನಡೆಯಬೇಕಿದ್ದ ದಾಳಿಯನ್ನು ಹಿಮ ಮುಂದಕ್ಕೆ ತಳ್ಳಿತು. ಕೊನೆಗೆ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆ ಹತ್ತಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಕುಳಿತಿದ್ದರು ಎಂಬುದನ್ನು ಕೊಡಗಿನ ಮಕ್ಕಳು ಕೇಳುತ್ತಲೇ ಬೆಳೆಯುತ್ತಾರೆ. ಶತ್ರುಗಳು ಕನಸಿನಲ್ಲೂ ಎಣಿಸಿರದ ಯಂತ್ರ ಎದುರಿಗೆ ಬಂದಾಗ ಅವರ ಸಾಲು ಮುರಿಯಿತು. ನವೆಂಬರ್ ನಡುವಿನಲ್ಲಿ ದ್ರಾಸ್, ತಿಂಗಳ ಕೊನೆಯ ವಾರದ ಹೊತ್ತಿಗೆ ಕಾರ್ಗಿಲ್ ನಮ್ಮ ಕೈಸೇರಿ ಲೇಹ್‌ನ ದಾರಿ ತೆರೆಯಿತು. ಈ ಗೆಲುವನ್ನು ಒಂದು ದಿನದ ಸಾಹಸವೆಂದು ಹೇಳುವುದು ರೂಢಿ. ನನಗೆ ಕಾಣುವುದು ಅದರ ಹಿಂದಿನ ವಾರಗಳ ದುಡಿಮೆ: ಬಿಚ್ಚಿದ ಗೋಪುರಗಳು, ಅಗಲಗೊಂಡ ದಾರಿ, ಸೇತುವೆಗಳ ಲೆಕ್ಕ, ಹಿಮ ಬೀಳುವ ದಿನದ ಲೆಕ್ಕ.

ಇದಾದ ಮರುತಿಂಗಳೇ, 1948ರ ಡಿಸೆಂಬರಿನಲ್ಲಿ, ತಿಮ್ಮಯ್ಯನವರು ಮಾಡಿದ ಇನ್ನೊಂದು ಕೆಲಸವಿದೆ. ಅದಕ್ಕೆ ಮಡಿಕೇರಿಯಲ್ಲಿ ಪ್ರತಿಮೆಯಿಲ್ಲ. ಗುಲ್ಮಾರ್ಗದಲ್ಲಿ ತಮ್ಮ 19ನೇ ಡಿವಿಷನ್ನಿಗಾಗಿ ಅವರು ಒಂದು ಸ್ಕೀ ಶಾಲೆ ತೆರೆದರು. ಸ್ಕೀ ಎಂದರೆ ಪಾದಕ್ಕೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾ ಸಾಗುವ ವಿದ್ಯೆ. ಗೆದ್ದವರು ಸಾಮಾನ್ಯವಾಗಿ ಹಾರ ಹಾಕಿಸಿಕೊಳ್ಳುತ್ತಾರೆ. ಇವರು ಗೆದ್ದ ಬಿಸಿ ಆರುವ ಮೊದಲೇ ಪಾಠಶಾಲೆ ಕಟ್ಟಿದರು. ಹಿಮದಲ್ಲಿ ನಡೆಯುವುದು, ಮಲಗುವುದು, ಗಾಯಾಳುವನ್ನು ಎಳೆದು ತರುವುದು, ಇವೆಲ್ಲ ಕಲಿಯಬೇಕಾದ ವಿದ್ಯೆಗಳು, ಹುಟ್ಟಿನಿಂದ ಬರುವ ಗುಣಗಳಲ್ಲ ಎಂಬ ತಿಳಿವಳಿಕೆ ಆ ಶಾಲೆಯ ತಳಹದಿ. ಅದೇ ಶಾಲೆ 1962ರ ಏಪ್ರಿಲ್‌ನಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಎಂಬ ಹೆಸರು ಪಡೆಯಿತು. ಇಂದು ಬೇರೆ ದೇಶಗಳ ಸೈನಿಕರೂ ಕಲಿಯಲು ಅಲ್ಲಿಗೆ ಬರುತ್ತಾರೆ.

ಆದರೆ ಒಂದು ಶಾಲೆಯಲ್ಲಿ ಕೆಲವರಿಗೆ ಕಲಿಸಿದ ಮಾತ್ರಕ್ಕೆ ಇಡೀ ಸೈನ್ಯ ಸಿದ್ಧವಾಗುವುದಿಲ್ಲ. ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ಬೆಳೆದು 1959ರಲ್ಲಿ ರಾಜೀನಾಮೆ ಕೊಟ್ಟದ್ದು, ನೆಹರೂ ಅವರ ಮಾತಿಗೆ ಅದನ್ನು ಹಿಂತೆಗೆದುಕೊಂಡದ್ದು ಎಲ್ಲರಿಗೂ ತಿಳಿದ ವಿಷಯ. ನಿವೃತ್ತರಾದ ಮೇಲೆ 1962ರ ಜುಲೈಯಲ್ಲಿ ಒಂದು ಪತ್ರಿಕೆಗೆ ಬರೆದ ಲೇಖನದಲ್ಲಿ, ಚೀನಾದೊಡನೆ ನೇರ ಯುದ್ಧಕ್ಕೆ ನಿಲ್ಲುವಷ್ಟು ಶಕ್ತಿ ನಮಗೆ ಒಂಟಿಯಾಗಿ ಇಲ್ಲವೆಂಬರ್ಥದ ಮಾತನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮೂರೇ ತಿಂಗಳಲ್ಲಿ ಯುದ್ಧ ಬಂತು.

ರವಿ ಬೆಳಗೆರೆಯವರು ಕನ್ನಡಕ್ಕೆ ತಂದ ‘ಹಿಮಾಲಯನ್ ಬ್ಲಂಡರ್’ ಓದಿದವರಿಗೆ ನಾಮ್ಕಾ ಚು ಎಂಬ ಹೊಳೆಯ ಹೆಸರು ಮರೆಯುವುದಿಲ್ಲ. ಅಲ್ಲಿ ಚೀನೀಯರನ್ನು ತಡೆಯಲು ನಿಂತ ನಮ್ಮ ಸೈನಿಕರಲ್ಲಿ ಹೆಚ್ಚಿನವರು ತೊಟ್ಟಿದ್ದು ಹತ್ತಿಯ ಬೇಸಿಗೆ ಸಮವಸ್ತ್ರ, ಕಾಲಿಗೆ ಕ್ಯಾನ್ವಾಸ್ ಬೂಟು. ಬಯಲು ಸೀಮೆಯಿಂದ ಬಂದವರನ್ನು ಮೈ ಹೊಂದಿಕೊಳ್ಳಲು ಬಿಡದೆ ಮೇಲೆ ಹತ್ತಿಸಿದ್ದರು. ವಿಮಾನದಿಂದ ಎಸೆದ ಸಾಮಾನುಗಳಲ್ಲಿ ಎಷ್ಟೋ ಕಡಿದಾದ ಕಣಿವೆಗೆ ಉರುಳಿಹೋದವು. ಅಕ್ಟೋಬರ್ 20ರ ಬೆಳಗ್ಗೆ ಚೀನೀಯರು ಮೇಲೆ ಬಿದ್ದಾಗ ಕಾದಾಡಿದವರು ಹಲವು ದಿನಗಳಿಂದ ಚಳಿಯೊಡನೆ ಕಾದಾಡಿ ದಣಿದಿದ್ದವರು. ಲಡಾಖಿನ ರೆಜಾಂಗ್ ಲಾದಲ್ಲಿ ನವೆಂಬರ್ 18ರಂದು 13ನೇ ಕುಮಾಂವ್ ಪಲ್ಟಣದ ಒಂದು ಕಂಪನಿ ಕೊನೆಯವರೆಗೂ ನಿಂತಿತು. ಸುಮಾರು 120 ಮಂದಿಯಲ್ಲಿ 114 ಮಂದಿ ಸತ್ತರು. ಚಳಿಗಾಲ ಕಳೆದು ಜನ ಅಲ್ಲಿಗೆ ಹೋದಾಗ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಜೊತೆಗಾರರ ಶರೀರಗಳು ಹಿಡಿದ ಆಯುಧದೊಡನೆ ಹಾಗೆಯೇ ಹೆಪ್ಪುಗಟ್ಟಿದ್ದವು. ಅವರ ಶೌರ್ಯದಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ಅವರನ್ನು ಕಳಿಸಿದವರ ಉಗ್ರಾಣದಲ್ಲಿ.

ಆ ನವೆಂಬರಿನಲ್ಲಿ ನಾನು ಎರಡನೇ ತರಗತಿಯಲ್ಲಿದ್ದೆ. ಅಮ್ಮ ಮತ್ತು ನೆರೆಮನೆಯ ಹೆಂಗಸರು ಮಧ್ಯಾಹ್ನ ಕೆಲಸ ಮುಗಿಸಿ ಜಗಲಿಯಲ್ಲಿ ಕುಳಿತು ಹಸಿರು ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದರು. ಯಾವ ಜವಾನನಿಗೆ ಎಂದು ಯಾರಿಗೂ ಗೊತ್ತಿಲ್ಲ, ಎದೆಯ ಅಳತೆಯೂ ಗೊತ್ತಿಲ್ಲ. ತಂತಮ್ಮ ಗಂಡಂದಿರ ಅಳತೆಗೆ ಹೆಣೆದರು. ದೇಶದ ತುಂಬ ಹೆಂಗಸರು ಹಾಗೆ ಹೆಣೆದರು, ಬಳೆ, ಸರ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಅದನ್ನು ನಾನು ಬಹುಕಾಲ ನಮ್ಮ ತಾಯಂದಿರ ದೇಶಪ್ರೇಮದ ಗುರುತಾಗಿ ನೆನೆಯುತ್ತಿದ್ದೆ. ಈಗಲೂ ಹಾಗೆಯೇ ನೆನೆಯುತ್ತೇನೆ. ಆದರೆ ಸೈನಿಕ ಬೆಟ್ಟ ಹತ್ತಿದ ಮೇಲೆ ಅವನ ಸ್ವೆಟರಿಗೆ ಮೊದಲ ಹೊಲಿಗೆ ಬೀಳುತ್ತಿದೆ ಎಂದರೆ ಎಲ್ಲೋ ದೊಡ್ಡ ತಪ್ಪಾಗಿದೆ ಎಂಬುದನ್ನೂ ಜೊತೆಗೆ ನೆನೆಯುತ್ತೇನೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 1941ರ ಜೂನ್‌ನಲ್ಲಿ ರಷ್ಯಾದೊಳಗೆ ನುಗ್ಗಿದ ಜರ್ಮನರು ಚಳಿಗಾಲಕ್ಕೆ ಮೊದಲೇ ಗೆದ್ದುಬಿಡುತ್ತೇವೆಂದು ನಂಬಿದ್ದರು. ಡಿಸೆಂಬರಿನಲ್ಲಿ ಮಾಸ್ಕೋದ ಹತ್ತಿರ ಅವರ ಸೈನಿಕರು ಮರಗಟ್ಟುತ್ತಿದ್ದಾಗ, ಸರ್ಕಾರ ರೇಡಿಯೋದಲ್ಲಿ ತನ್ನ ಹೆಂಗಸರ ಮುಂದೆ ಕೈಚಾಚಿತು: ಮನೆಯಲ್ಲಿರುವ ತುಪ್ಪಳದ ಕೋಟು, ಉಣ್ಣೆ ಬಟ್ಟೆ, ಸ್ಕೀ ಹಲಗೆ ಕೊಡಿ ಎಂದು. ಇದಕ್ಕೆ ವಿರುದ್ಧವಾದ ಉದಾಹರಣೆ ಪುಟ್ಟ ಫಿನ್ಲೆಂಡಿನದು. 1939ರ ನವೆಂಬರ್ ಕೊನೆಯಲ್ಲಿ ಸೋವಿಯೆತ್ ಸೈನ್ಯ ಅದರ ಮೇಲೆ ಬಿದ್ದಾಗ ಫಿನ್ನರು ಬಿಳಿಯ ನಿಲುವಂಗಿ ತೊಟ್ಟು, ಸ್ಕೀ ಮೇಲೆ ಕಾಡಿನೊಳಗೆ ಹಿಮದೊಡನೆ ಒಂದಾಗಿ ಕಾದಾಡಿದರು. ಅಲ್ಲಿ ಲೊಟ್ಟಾ ಸ್ವಾರ್ಡ್ ಎಂಬ ಮಹಿಳಾ ಸಂಘ ಯುದ್ಧಕ್ಕೆ ಹಲವು ವರ್ಷ ಮೊದಲೇ ಕೆಲಸಕ್ಕಿಳಿದಿತ್ತು. ಬಟ್ಟೆ ಹೊಲಿಯುವುದು, ಅಡಿಗೆ ಮಾಡುವುದು, ಗಾಯಾಳುಗಳನ್ನು ನೋಡಿಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು. ಮೂರೂ ದೇಶಗಳಲ್ಲಿ ಹೆಂಗಸರ ಕೈಯೇ ಹೊಲಿದದ್ದು, ಹೆಣೆದದ್ದು. ಒಂದು ಕಡೆ ಹೊತ್ತಿಗೆ ಮೊದಲು, ಎರಡು ಕಡೆ ಹೊತ್ತು ಮೀರಿ.

ಕೊಡಗಿನ ಗೃಹಿಣಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಒಣಸೌದೆ ಹುಡುಕಿದರೆ ಸಿಗುತ್ತದೆಯೇ? ಏಪ್ರಿಲ್‌ನಲ್ಲೇ ಸೌದೆ ಕೊಟ್ಟಿಗೆ ತುಂಬಿರಬೇಕು, ಹಪ್ಪಳ, ಒಣಮೀನು, ಉಪ್ಪಿನಕಾಯಿ ಅಟ್ಟ ಸೇರಿರಬೇಕು. ಮಳೆಗಾಲವನ್ನು ಗೆಲ್ಲುವುದು ಬೇಸಿಗೆಯಲ್ಲಿ. ಜೋಜಿಲಾದ ಆಚೆಯೂ ಅದೇ ನಿಯಮ. ಅಲ್ಲಿ ಚಳಿಗಾಲದ ಹಿಟ್ಟು, ಸೀಮೆಎಣ್ಣೆ, ಔಷಧಿ, ಬಟ್ಟೆ ಎಲ್ಲವೂ ದಾರಿ ತೆರೆದಿರುವ ಬೇಸಿಗೆಯ ತಿಂಗಳುಗಳಲ್ಲೇ ಮೇಲೇರಬೇಕು.

1962ರ ಪೆಟ್ಟಿನಿಂದ ದೇಶ ಕಲಿಯಿತು. ಪರ್ವತ ಯುದ್ಧಕ್ಕೆಂದೇ ಡಿವಿಷನ್ನುಗಳು ಹುಟ್ಟಿದವು. ಎತ್ತರಕ್ಕೆ ಹೋಗುವ ಸೈನಿಕ ಹಂತಹಂತವಾಗಿ ಹತ್ತಬೇಕೆಂಬ ನಿಯಮ ಬಂತು: 9,000 ಅಡಿಯಿಂದಾಚೆ ಮೊದಲು 6 ದಿನ, ಆಮೇಲೆ 12,000 ಅಡಿಯಾಚೆ 4 ದಿನ, 15,000 ಅಡಿಯಾಚೆ ಮತ್ತೆ 4 ದಿನ. ಈ ಹದಿನಾಲ್ಕು ದಿನ ತಾಳ್ಮೆಯಿಂದ ಕಾಯದೆ ಏರಿದವನ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಊಟದ ವಿಷಯವೂ ಹಾಗೆಯೇ. 18,000 ಅಡಿ ಎತ್ತರದಲ್ಲಿ ನೀರು ಸುಮಾರು 82 ಡಿಗ್ರಿಗೇ ಕುದಿಯುವುದರಿಂದ ಎಷ್ಟು ಬೇಯಿಸಿದರೂ ಬೇಳೆ ಮೆತ್ತಗಾಗದು. ಹಸಿವೇ ಸತ್ತುಹೋಗುತ್ತದೆ, ಆದರೆ ಮೈಗೆ ಬೇಕಾದ ಆಹಾರ ಕೆಳಗಿಗಿಂತ ಹೆಚ್ಚು. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾಲಯ ದಶಕಗಳ ಕಾಲ ಈ ಸಮಸ್ಯೆಗೆ ದುಡಿಯಿತು. ಕೆಡದೆ ಉಳಿಯುವ ಚಪಾತಿ, ಬಿಸಿ ಮಾಡಿದರೆ ಸಾಕೆನ್ನುವ ಅನ್ನ, ಪಲ್ಯ, ದಿಢೀರ್ ಉಪ್ಪಿಟ್ಟು ಇವೆಲ್ಲ ನಮ್ಮ ಅಂಗಡಿಗಳಿಗೆ ಬರುವ ಎಷ್ಟೋ ಮೊದಲು ಸೈನಿಕನ ಚೀಲ ಸೇರಿದ್ದವು. ಅವನ್ನು ಮೇಲೆ ಮುಟ್ಟಿಸಿದ ಚೀತಾ ಹೆಲಿಕಾಪ್ಟರು ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಯ ಬಿಲಾಫೊಂಡ್ ಲಾ ಮೇಲೆ ಇಳಿದ ಮೊದಲ ಸೈನಿಕರು 4ನೇ ಕುಮಾಂವ್ ಪಲ್ಟಣದವರು. ತಿಮ್ಮಯ್ಯನವರು ಯುವಕನಾಗಿ ಸೇರಿದ, ಆಗ 19ನೇ ಹೈದರಾಬಾದ್ ರೆಜಿಮೆಂಟಿಗೆ ಸೇರಿದ್ದ ಪಲ್ಟಣವೇ ಅದು. ಅದಕ್ಕೆ ಮುಂಚೆ ಆ ಹಿಮನದಿಯ ದಾರಿ ಹುಡುಕಿಕೊಟ್ಟವರು ಗುಲ್ಮಾರ್ಗದ ಶಾಲೆಯ ಮುಖ್ಯಸ್ಥರಾಗಿದ್ದ ಕರ್ನಲ್ ನರೇಂದ್ರ ಕುಮಾರ್. ಯುರೋಪಿನಿಂದ ತರಿಸಿದ ಹಿಮದ ಉಡುಪು ಹಿಂದಿನ ಸಂಜೆಯಷ್ಟೇ ಕೈಸೇರಿತು ಎಂದು ಹೇಳುತ್ತಾರೆ. ಒಂದು ದಿನ ಮುಂಚೆಯಾದರೂ ಬಂತಲ್ಲ! ಆದರೂ ಮೊದಲ ದಿನಗಳ ಹಿಮಗಾಳಿಗೆ ಒಬ್ಬ ಸತ್ತು, ಅನೇಕರ ಕೈಕಾಲು ಕಪ್ಪಾದವು. ಅಲ್ಲಿಂದಾಚೆ ಸಿಯಾಚಿನ್‌ನಲ್ಲಿ ಗುಂಡಿಗಿಂತ ಹವೆಗೆ ಸತ್ತವರೇ ಹೆಚ್ಚು. 2003ರ ನವೆಂಬರಿನಿಂದ ಅಲ್ಲಿ ಕದನವಿರಾಮ ಬಂದರೂ ಚಳಿ ಯಾವ ಒಪ್ಪಂದಕ್ಕೂ ಸಹಿ ಹಾಕಲಿಲ್ಲ.

ನನ್ನ ಅಣ್ಣನ ಮಗ ಆ ಹಿಮನದಿಯಲ್ಲಿ ಒಂದು ಸರದಿ ಕಳೆದು ಬಂದವನು. ಯುದ್ಧದ ಕಥೆ ಹೇಳೋ ಎಂದರೆ ಅವನು ಹೇಳಿದ್ದು ಇಷ್ಟು: “ಅಲ್ಲಿ ಬೆವರಬಾರದು ಅತ್ತೆ. ಬೆವರಿದರೆ ಅದೇ ಮೈಮೇಲೆ ಹೆಪ್ಪುಗಟ್ಟುತ್ತದೆ. ಸಾಕ್ಸ್ ಒದ್ದೆಯಾದರೆ ಎದೆಗೆ ಅವಚಿಕೊಂಡು ಮಲಗಿ ಒಣಗಿಸುತ್ತೇವೆ.” ಅದನ್ನು ಕೇಳಿ ಅತ್ತಿಗೆ ಏನೂ ಹೇಳದೆ ಎದ್ದು ಒಳಗೆ ಹೋದರು.

2016ರ ಫೆಬ್ರವರಿಯನ್ನು ಕನ್ನಡ ನಾಡಿನ ಹೆಂಗಸರು ಮರೆತಿರಲಾರರು. 19,000 ಅಡಿಗೂ ಎತ್ತರದ ಠಾಣೆಯೊಂದರ ಮೇಲೆ ಫೆಬ್ರವರಿ 3ರಂದು ಹಿಮಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನಗಳ ಮೇಲೆ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕಾಗ, ಗುಡಿ, ಮಸೀದಿ, ಚರ್ಚು ಎನ್ನದೆ ಎಲ್ಲ ಕಡೆ ಪ್ರಾರ್ಥನೆ ನಡೆಯಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಸತ್ತವರಲ್ಲಿ ಹಾಸನ, ಮೈಸೂರು ಜಿಲ್ಲೆಗಳವರೂ ಇದ್ದರು. ಬಿಸಿಲಿನ ಊರುಗಳ ಮಕ್ಕಳು ಹಿಮದಡಿಯಲ್ಲಿ ಸತ್ತರು. ಹಿಮ ಕುಸಿಯುವುದನ್ನು ಯಾವ ಕೋಟೂ ತಡೆಯದು ನಿಜ. ಆದರೆ ಕೋಟು ತಡೆಯಬಹುದಾದುದನ್ನಾದರೂ ತಡೆಯಬೇಡವೇ? 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ಎತ್ತರದ ಠಾಣೆಗಳ ಸೈನಿಕರಿಗೆ ಹಿಮದ ಕನ್ನಡಕ, ಬೂಟುಗಳು ಹೊತ್ತಿಗೆ ಸಿಗದೆ ಹಳೆಯ ಬೂಟುಗಳನ್ನೇ ಮತ್ತೆ ಬಳಸಬೇಕಾಗಿ ಬಂದದ್ದನ್ನು ಎತ್ತಿ ತೋರಿಸಿತು. ಅದೇ ವರ್ಷ ಗಲ್ವಾನ್ ಘರ್ಷಣೆಯ ನಂತರ ಸಾವಿರಾರು ಸೈನಿಕರು ಲಡಾಖಿನಲ್ಲೇ ಚಳಿಗಾಲ ಕಳೆಯಬೇಕಾದಾಗ ಅಮೆರಿಕದಿಂದ ತುರ್ತಾಗಿ ಚಳಿ ಉಡುಪು ತರಿಸಬೇಕಾಯಿತು. ಪಾಠ ಕಲಿತಿದ್ದೇವೆ, ಆದರೆ ಪೂರ್ತಿ ಬಾಯಿಪಾಠವಾಗಿಲ್ಲ.

ಈಗ ಹಿಮದ ಲೋಕ ಇನ್ನೂ ದೊಡ್ಡದಾಗಿದೆ. ಉತ್ತರಧ್ರುವದ ಸುತ್ತ ಸಮುದ್ರದ ಮಂಜು ಕರಗುತ್ತಿದ್ದಂತೆ ದೊಡ್ಡ ದೇಶಗಳ ಸೈನ್ಯಗಳು ಅತ್ತ ಕಣ್ಣಿಟ್ಟಿವೆ. ಅಮೆರಿಕ 2022ರಲ್ಲಿ ಅಲಾಸ್ಕಾದಲ್ಲಿ ಇದಕ್ಕೆಂದೇ ಒಂದು ಡಿವಿಷನ್ನನ್ನು ಮತ್ತೆ ಎಬ್ಬಿಸಿತು. 2023ರ ಸೆಪ್ಟೆಂಬರ್ ಕೊನೆಯಲ್ಲಿ ಅಲಾಸ್ಕಾದ ಫೋರ್ಟ್ ವೈನ್‌ರೈಟ್‌ನಲ್ಲಿ ಅಮೆರಿಕದವರೊಡನೆ ಜಂಟಿ ಅಭ್ಯಾಸಕ್ಕೆ ಹೋದ ನಮ್ಮ 350 ಸೈನಿಕರ ಮುಂದಾಳು ಪಲ್ಟಣ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರಿದ್ದು. ಆ ರೆಜಿಮೆಂಟಿನ ತವರು ನಮ್ಮ ಬೆಳಗಾವಿ. ಧ್ರುವದ ಚಳಿ ಮತ್ತು ಹಿಮಾಲಯದ ಚಳಿ ಒಂದೇ ಅಲ್ಲ. ಅಲ್ಲಿ ಬಯಲಿನಂಥ ನೆಲ, ಉಸಿರಿಗೆ ಕೊರತೆಯಿಲ್ಲ, ಆದರೆ ದೀರ್ಘ ರಾತ್ರಿ. ಇಲ್ಲಿ ಸೂರ್ಯನಿದ್ದಾನೆ, ಗಾಳಿಯೇ ಇಲ್ಲ. ಎರಡು ಕಡೆಯವರೂ ಒಬ್ಬರಿಂದೊಬ್ಬರು ಕಲಿಯಬೇಕಾದದ್ದಿದೆ. ಕಲಿಸಲು ನಮ್ಮ ಬಳಿ ಏನಾದರೂ ಇದ್ದರೆ, ಅದರ ಮೊದಲ ಅಕ್ಷರ ಬರೆಸಿದವರು ಗುಲ್ಮಾರ್ಗದ ಹಿಮದಲ್ಲಿ ಶಾಲೆ ತೆರೆದ ಮಡಿಕೇರಿಯ ತಿಮ್ಮಯ್ಯನವರು.

ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ, 1965ರ ಡಿಸೆಂಬರ್ 18ರಂದು ಅವರು ತೀರಿಕೊಂಡರು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಯಿತು. ಶಾಲೆಯ ಮಕ್ಕಳು ಸಾಲಾಗಿ ಬಂದು ಅಲ್ಲಿ ಟ್ಯಾಂಕು, ಬಂದೂಕು ನೋಡಿ ಬೆರಗಾಗುತ್ತಾರೆ. ಅವರನ್ನು ಕರೆತರುವ ಶಿಕ್ಷಕಿಯರು ಜೋಜಿಲಾದ ಕಥೆ ಹೇಳುವಾಗ ಬಿಚ್ಚಿದ ಗೋಪುರ, ಕಡಿದ ದಾರಿ, ಮರುತಿಂಗಳು ತೆರೆದ ಶಾಲೆ, ಈ ಮೂರನ್ನೂ ಸೇರಿಸಿ ಹೇಳಲಿ. ಆ ಮಕ್ಕಳಲ್ಲಿ ಕೆಲವರು, ಈಗ ಹುಡುಗಿಯರೂ, ನಾಳೆ ಅದೇ ಎತ್ತರಕ್ಕೆ ಹೋಗುವವರು. ಇನ್ನು ಕೆಲವರು ಯಾವುದೋ ಕಚೇರಿಯಲ್ಲಿ ಕುಳಿತು ಬೂಟಿನ ಬೇಡಿಕೆ ಪಟ್ಟಿಗೆ ಸಹಿ ಹಾಕುವವರು. ಆ ಸಹಿ ಬೇಸಿಗೆಯಲ್ಲೇ ಬೀಳಬೇಕು ಎಂಬುದು ಎರಡನೆಯವರಿಗೂ ತಿಳಿದಿರಲಿ.